ಇನ್ನೊಂದ್ಸಲ ಹೇಳ್ತೀನಿ, ಟೀಚರ್

ಪುಟ್ಟ ಮಕ್ಕಳ ಕೈಯಲ್ಲಿ ಬರೆದದ್ದನ್ನೇ ಮತ್ತೆ ಬರೆಸುವುದು ಎಷ್ಟು ಕಷ್ಟ ಅಂತ ಪ್ರಾಥಮಿಕ ತರಗತಿಗೆ ಪಾಠ ಮಾಡಿದವರಿಗೆಲ್ಲ ಗೊತ್ತು. "ಕಥೆ ಚೆನ್ನಾಗಿದೆ ಪುಟ್ಟಾ, ಇನ್ನೊಂದು ಸಲ ತಿದ್ದಿ ಬರಿ" ಅಂದರೆ ಸಾಕು, ಮುಖ ಬಾಡುತ್ತದೆ. ಮಗುವಿನ ಪಾಲಿಗೆ ಅದು ಶಿಕ್ಷೆ. ಪೆನ್ಸಿಲ್ ಬಿಗಿಯಾಗಿ ಹಿಡಿದು, ಒತ್ತಕ್ಷರಗಳ ಜೊತೆ ಗುದ್ದಾಡಿ, ಹೇಗೋ ಅರ್ಧ ಪುಟ ಮುಗಿಸಿದೆ. ಈಗ ಮತ್ತೆ ಮೊದಲಿಂದ ಅಂದರೆ ಯಾರಿಗೆ ತಾನೇ ಬೇಕು?

ಅದೇ ಮಗುವಿನ ಕೈಗೆ ಧ್ವನಿ ರೆಕಾರ್ಡ್ ಮಾಡುವ ಫೋನೋ ಟ್ಯಾಬ್ಲೆಟ್ಟೋ ಕೊಟ್ಟು ನೋಡಿ. ಕಥೆ ಹೇಳುತ್ತದೆ. ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ. ಹುಬ್ಬು ಗಂಟಿಕ್ಕುತ್ತದೆ. "ಇನ್ನೊಂದ್ಸಲ ಹೇಳ್ತೀನಿ, ಟೀಚರ್" ಅನ್ನುತ್ತದೆ. ತಿದ್ದು ಅಂತ ನಾವು ಬಾಯಿ ಬಿಟ್ಟಿರುವುದಿಲ್ಲ. ಆದರೂ ಮತ್ತೆ ಮತ್ತೆ ಹೇಳುತ್ತದೆ, ಪ್ರತಿ ಸಲವೂ ಏನಾದರೊಂದು ಬದಲಾಗುತ್ತದೆ.

ತರಗತಿಯಲ್ಲಿ ಡಿಜಿಟಲ್ ಕಥೆ, ಅಂದರೆ ಫೋನಿನಲ್ಲೋ ಟ್ಯಾಬ್ಲೆಟ್ಟಿನಲ್ಲೋ ಧ್ವನಿ, ಚಿತ್ರ ಸೇರಿಸಿ ಮಾಡುವ ಕಥೆ, ಅಂದ ಕೂಡಲೇ ಎಲ್ಲರೂ ಕೇಳುವುದು "ಯಾವ ಆ್ಯಪ್ ಒಳ್ಳೆಯದು?" ಅಂತ. ನಾನು ನೋಡುವುದು ಬೇರೆ ವಿಷಯ. ಮಗು ತನ್ನ ಕಥೆಯ ಹತ್ತಿರ ತಾನಾಗಿಯೇ ವಾಪಸ್ ಬರುತ್ತಿದೆಯಾ? ಬಂದರೆ ಆ ಉಪಕರಣ ಒಳ್ಳೆಯದು. ಬರದಿದ್ದರೆ ಅದು ಎಷ್ಟೇ ಬಣ್ಣಬಣ್ಣವಾಗಿರಲಿ, ನನಗೆ ಬೇಡ.

ಮಕ್ಕಳು ಯಾಕೆ ಹೀಗೆ ವಾಪಸ್ ಬರುತ್ತಾರೆ ಅಂತ ತುಂಬಾ ಯೋಚಿಸಿದ್ದೇನೆ. ಒಂದನೇ, ಎರಡನೇ ತರಗತಿಯ ಮಗು ತಾನು ಬರೆದದ್ದನ್ನು ತಾನೇ ಓದುವಾಗ ಒಂದೊಂದೇ ಅಕ್ಷರ ಕೂಡಿಸಿ ಓದುತ್ತದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಅನ್ನುವುದು ಮರೆತುಹೋಗಿರುತ್ತದೆ. ಹಾಗಾಗಿ ಅದು ತನ್ನ ಕಥೆಗೆ ತಾನು ಓದುಗ ಆಗಲಾರದು. ಆದರೆ ಕೇಳುಗ ಆಗಬಲ್ಲದು! ಮಾತು ಬರುವುದಕ್ಕೂ ಮೊದಲಿನಿಂದ ಮಕ್ಕಳು ಕಥೆ ಕೇಳುತ್ತಲೇ ಬೆಳೆದಿರುತ್ತಾರೆ. ಒಳ್ಳೆಯ ಕಥೆ ಕಿವಿಗೆ ಹೇಗೆ ಕೇಳಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಕಣ್ಣಿಗಿಂತ ಕಿವಿ ಎಷ್ಟೋ ವರ್ಷ ಮುಂದಿದೆ. ರೆಕಾರ್ಡಿಂಗ್ ಆ ಕಿವಿಗೆ ಕೆಲಸ ಕೊಡುತ್ತದೆ.

ಒಬ್ಬ ಹುಡುಗಿ ಕಳೆದುಹೋದ ನಾಯಿಮರಿಯ ಕಥೆ ಹೇಳಿದಳು. ಮರಿ ಸಿಕ್ಕಿತು, ಎಲ್ಲರಿಗೂ ಖುಷಿಯಾಯಿತು, ಆಮೇಲೆ ಮಲಗಿದರು, ಆಮೇಲೆ ಬೆಳಗಾಯಿತು. ಕೇಳಿಸಿಕೊಂಡವಳು ಅರ್ಧದಲ್ಲೇ ನಿಲ್ಲಿಸಿ, "ಅಯ್ಯೋ, ಅದು ಕಳೆದುಹೋಗಿದ್ದನ್ನ ನಾನು ಹೇಳಲೇ ಇಲ್ವಲ್ಲ" ಅಂದಳು. ಅವಳ ಮನಸ್ಸಿನಲ್ಲಿ ಮರಿ ಕಳೆದುಹೋಗಿತ್ತು. ಮಾತಿನಲ್ಲಿ ಆಗಿರಲಿಲ್ಲ. ಮನಸ್ಸಿನಲ್ಲಿರುವುದು ಬೇರೆ, ಕೇಳುವವರಿಗೆ ತಲುಪುವುದು ಬೇರೆ ಅಂತ ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಬರವಣಿಗೆಯ ಪಾಠದಲ್ಲಿ ಇದಕ್ಕಿಂತ ದೊಡ್ಡ ಪಾಠ ಯಾವುದಿದೆ ಹೇಳಿ? ಇದನ್ನೇ ನಾನು ಕೆಂಪು ಶಾಯಿಯಲ್ಲಿ "ಮರಿ ಯಾವಾಗ ಕಳೆದುಹೋಯಿತು?" ಅಂತ ಬರೆದಿದ್ದರೆ ಅವಳು ಒಂದು ಸಾಲು ಸೇರಿಸಿ ಸುಮ್ನೆ ಆಗುತ್ತಿದ್ದಳು. ಇಲ್ಲಿ ಹಾಗಾಗಲಿಲ್ಲ. ಮರಿ ಕಳೆದುಹೋದ ಭಾಗವೇ ಕಥೆಯ ಮುಕ್ಕಾಲು ಪಾಲು ಆಯಿತು.

ಪುಟ್ಟ ಮಕ್ಕಳ ಕಥೆಗಳನ್ನು 1970ರ ದಶಕದಲ್ಲಿ ಅಭ್ಯಾಸ ಮಾಡಿದ ಆರ್ಥರ್ ಆಪಲ್‌ಬೀ ಒಂದು ವಿಷಯ ಗುರುತಿಸಿದ್ದರು. ಮೊದಮೊದಲು ಮಕ್ಕಳ ಕಥೆ ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳ ರಾಶಿ. ನಿಧಾನವಾಗಿ ಒಂದರ ಹಿಂದೆ ಇನ್ನೊಂದು ಬಂದು ನಿಲ್ಲುತ್ತವೆ. ಕೊನೆಗೆ ಇದು ಆದದ್ದರಿಂದ ಅದು ಆಯಿತು ಅನ್ನುವ ಕೊಂಡಿ ಬೀಳುತ್ತದೆ. ನಮ್ಮ ಮಕ್ಕಳ "ಆಮೇಲೆ... ಆಮೇಲೆ..." ಅನ್ನುವ ಕಥೆಗಳು ಈ ದಾರಿಯ ನಡುವೆ ಎಲ್ಲೋ ಇರುತ್ತವೆ. "ಆಮೇಲೆ" ಹೋಗಿ "ಅದಕ್ಕೇ" ಬರುವುದನ್ನು ನಾನು ಕಾಯುತ್ತಿರುತ್ತೇನೆ. ಅದು ಬಂದ ದಿನ ನನಗೆ ಹಬ್ಬ.

ಡಿಜಿಟಲ್ ಕಥೆ ಅನ್ನುವ ಕಲ್ಪನೆ ಶಾಲೆಯಲ್ಲಿ ಹುಟ್ಟಿದ್ದಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೇನಾ ಆ್ಯಚ್ಲಿ, ಜೋ ಲ್ಯಾಂಬರ್ಟ್, ನೀನಾ ಮಲ್ಲೆನ್ ಸೇರಿ ದೊಡ್ಡವರಿಗಾಗಿ ಕಾರ್ಯಾಗಾರಗಳನ್ನು ಶುರು ಮಾಡಿದರು. 1994ರಲ್ಲಿ ಅದಕ್ಕೊಂದು ಕೇಂದ್ರವೂ ಆಯಿತು. ಇವತ್ತು ಅದರ ಹೆಸರು ಸ್ಟೋರಿಸೆಂಟರ್. ಮಾಮೂಲಿ ಜನ ಬಂದು, ತಮ್ಮ ಬದುಕಿನ ಒಂದು ಸಂಗತಿಯನ್ನು ತಮ್ಮದೇ ಧ್ವನಿಯಲ್ಲಿ ಹೇಳಿ, ಮನೆಯ ಹಳೇ ಫೋಟೋಗಳನ್ನು ಜೋಡಿಸಿ, ಕೆಲವೇ ನಿಮಿಷಗಳ ಪುಟ್ಟ ಚಿತ್ರ ಮಾಡಿಕೊಂಡು ಹೋಗುತ್ತಿದ್ದರು. ಈ ಕಾರ್ಯಾಗಾರಗಳಲ್ಲಿ ನನಗೆ ತುಂಬಾ ಇಷ್ಟವಾಗುವುದು ಒಂದು ಪದ್ಧತಿ. ಕಂಪ್ಯೂಟರಿನ ಕೆಲಸಕ್ಕೆ ಮೊದಲು ಎಲ್ಲರೂ ದುಂಡಗೆ ಕೂರುತ್ತಾರೆ. ಒಬ್ಬೊಬ್ಬರೂ ತಮ್ಮ ಕಥೆಯನ್ನು ಬಾಯಲ್ಲಿ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಕಥೆ ಗಟ್ಟಿಯಾಗುವುದು ಅಲ್ಲೇ.

ಒಳ್ಳೆಯ ಡಿಜಿಟಲ್ ಕಥೆಗೆ ಅವರು ಏಳು ಅಂಶಗಳನ್ನೂ ಹೇಳಿದ್ದರು. ಹೇಳುವವರ ದೃಷ್ಟಿ, ಕೊನೆವರೆಗೂ ಕೇಳುಗರನ್ನು ಹಿಡಿದಿಡುವ ಪ್ರಶ್ನೆ, ಭಾವನೆ, ಸ್ವಂತ ಧ್ವನಿ, ಹಿನ್ನೆಲೆ ಸಂಗೀತ, ಬೇಕಾದಷ್ಟೇ ಹೇಳುವ ಮಿತ, ಲಯ. ಏಳೂ ಆರು ವರ್ಷದ ಮಗುವಿಗೆ ಜಾಸ್ತಿಯಾಯಿತು. ನಾನು ಇಟ್ಟುಕೊಂಡಿರುವುದು ಮೂರೇ: ಇದು ಯಾರ ಕಥೆ, ಏನಾಗುತ್ತೆ ಅಂತ ಕೇಳುವವರು ಯಾಕೆ ಕಾಯಬೇಕು, ಮತ್ತು ನಿನ್ನದೇ ಧ್ವನಿ. ಸಂಗೀತವನ್ನಂತೂ ನಾನು ಪೂರ್ತಿ ಕೈಬಿಟ್ಟಿದ್ದೇನೆ. ಅದರ ಕಾರಣ ಮುಂದೆ ಹೇಳುತ್ತೇನೆ.

ಇಲ್ಲಿ ಇನ್ನೊಬ್ಬರನ್ನು ನೆನೆಯಲೇಬೇಕು. ಶಿಕಾಗೊದಲ್ಲಿ ಪುಟ್ಟ ಮಕ್ಕಳಿಗೆ ಟೀಚರ್ ಆಗಿದ್ದ ವಿವಿಯನ್ ಗಸಿನ್ ಪೇಲಿ. ಅವರ ಹತ್ತಿರ ಯಾವ ಆ್ಯಪೂ ಇರಲಿಲ್ಲ. ಮಗು ಕಥೆ ಹೇಳುತ್ತಿತ್ತು, ಅವರು ಅದರದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದರು. ಆಮೇಲೆ ತರಗತಿಯ ಮಕ್ಕಳೆಲ್ಲ ಸೇರಿ ಆ ಕಥೆಯನ್ನು ಆಡಿ ತೋರಿಸುತ್ತಿದ್ದರು. ಹೇಳಿದ ಮಗು ತನ್ನ ಕಥೆ ತನ್ನ ಕಣ್ಣೆದುರೇ ನಡೆಯುವುದನ್ನು ನೋಡುತ್ತಿತ್ತು. ನಾನು ರೆಕಾರ್ಡಿಂಗಿನಿಂದ ಬಯಸುವುದೂ ಇದನ್ನೇ. ಕಥೆ ಒಮ್ಮೆ ಮಗುವಿನಿಂದ ಹೊರಗೆ ಬಂದು ನಿಲ್ಲಬೇಕು. ಆಗ ಮಗು ಅದರ ಸುತ್ತ ಓಡಾಡಿ ನೋಡಬಹುದು. ಹಾಗಾಗಿ ನಿಮ್ಮ ಶಾಲೆಯಲ್ಲಿ ಉಪಕರಣ ಇಲ್ಲ ಅಂದರೆ ದಯವಿಟ್ಟು ಕೊರಗಬೇಡಿ. ಪೇಲಿಯವರ ದಾರಿ ಇದೆ, ಅದಕ್ಕೆ ಒಂದು ಪೆನ್ಸಿಲ್ ಸಾಕು.

ಉಪಕರಣ ಇದ್ದರೆ ಎಲ್ಲಿಂದ ಶುರು ಮಾಡಬೇಕು? ನನ್ನ ಉತ್ತರ ಯಾವಾಗಲೂ ಒಂದೇ. ಧ್ವನಿ, ಮತ್ತು ಕಾಗದದ ಮೇಲೆ ಮಗುವೇ ಬರೆದ ಚಿತ್ರ. ಮೊದಲು ಕಥೆ ಹೇಳಿ ರೆಕಾರ್ಡ್ ಮಾಡಲಿ. ಸಮಾಧಾನ ಆಗುವವರೆಗೆ ಹೇಳಲಿ. ಆಮೇಲೆ ಕಾಗದದಲ್ಲಿ ಚಿತ್ರ ಬರೆಯಲಿ. ಅದರ ಫೋಟೋ ತೆಗೆದು ಧ್ವನಿಯ ಜೊತೆ ಜೋಡಿಸಿದರೆ ಕಥೆ ಆಯಿತು. ಯಾವ ಸಾದಾ ವಿಡಿಯೊ ಆ್ಯಪಿನಲ್ಲೂ ಈ ಕೆಲಸ ಆಗುತ್ತದೆ. ಚಿತ್ರ ಮೊದಲು ಬರೆದರೆ ಮಕ್ಕಳು ಚಿತ್ರವನ್ನು ವರ್ಣಿಸಲು ಶುರು ಮಾಡುತ್ತಾರೆ. "ಇದು ಮರ. ಇದು ಮನೆ. ಇದು ನಾನು." ಕಥೆ ನಿಂತುಹೋಗುತ್ತದೆ. ಅದಕ್ಕೇ ಈ ಕ್ರಮದಲ್ಲಿ ನಾನು ಹಟಮಾರಿ.

ರೆಕಾರ್ಡಿಂಗಿಗೆ ಜಾಗ ಹುಡುಕುವುದೇ ಒಂದು ಸಾಹಸ. ತುಂಬಿದ ತರಗತಿಯಲ್ಲಿ ಒಂದು ಮಗುವಿನ ಧ್ವನಿ ಸ್ಪಷ್ಟವಾಗಿ ಕೇಳಬೇಕಲ್ವಾ? ಬರಿಗೋಡೆಗಳ ಕೋಣೆಯಲ್ಲಿ ಧ್ವನಿ ಮಾರ್ದನಿಸುತ್ತದೆ. ಮೇಜಿನ ಮೇಲೆ ದಪ್ಪ ಕಂಬಳಿ ಹೊದಿಸಿ, ಅದರ ಕೆಳಗೆ ಮಗುವನ್ನು ಕೂರಿಸಿದರೆ ಕಂಬಳಿ ಆ ಮಾರ್ದನಿಯನ್ನು ಹೀರಿಕೊಳ್ಳುತ್ತದೆ. ಹೊರಗಿನ ಗಲಾಟೆಯೂ ಸ್ವಲ್ಪ ಕಡಿಮೆಯಾಗುತ್ತದೆ. ಮಕ್ಕಳಿಗೆ ಆ ಗೂಡು ಬಹಳ ಇಷ್ಟ. ಫೋನನ್ನು ಬಾಯಿಗೆ ನೇರ ಹಿಡಿಯದೆ, ಒಂದು ಗೇಣು ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಇಡಬೇಕು. ಇಲ್ಲದಿದ್ದರೆ ಪ, ಬ, ಫ ಬಂದಾಗಲೆಲ್ಲ ಗಾಳಿ ಬಡಿದು ದಬ್ ಅಂತ ಸದ್ದಾಗುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು "ಪಪ್ಪಾಯ" ಅನ್ನಿಸಿದರೆ ಮಕ್ಕಳಿಗೇ ಅರ್ಥವಾಗುತ್ತದೆ.

ಒಂದೇ ಉಪಕರಣಕ್ಕೆ ನಾಲ್ಕೈದು ಮಕ್ಕಳು ಇದ್ದಾಗ ಚುರುಕಾದ ಮಗು ಅದನ್ನು ಕಸಿದುಕೊಳ್ಳುತ್ತದೆ. ಉಳಿದವರು ಹಿಂದೆ ನಿಂತು ನೋಡುತ್ತಾರೆ. ಅದಕ್ಕೆ ನನ್ನದೊಂದು ನಿಯಮ ಇದೆ. ಕಥೆ ಹೇಳುವವರು ಫೋನ್ ಮುಟ್ಟುವಂತಿಲ್ಲ, ಫೋನ್ ಹಿಡಿದವರು ಮಾತಾಡುವಂತಿಲ್ಲ. ಮುಂದಿನ ಕಥೆಗೆ ಪಾತ್ರ ಬದಲು. ಇಷ್ಟಕ್ಕೇ ಜಗಳ ಎಷ್ಟೋ ಕಡಿಮೆಯಾಗುತ್ತದೆ.

ಐದರಿಂದ ಏಳು ವರ್ಷದ ಮಕ್ಕಳಿಗೆ ಸ್ಕ್ರಾಚ್‌ಜೂನಿಯರ್ ಅನ್ನುವ ಉಚಿತ ಆ್ಯಪ್ ಇದೆ. 2014ರಲ್ಲಿ ಬಂತು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಮರೀನಾ ಬರ್ಸ್, ಅಲ್ಲಿಯದೇ ಎಂಐಟಿ ವಿಶ್ವವಿದ್ಯಾಲಯದ ಮಿಚೆಲ್ ರೆಸ್ನಿಕ್ ಮತ್ತು ಅವರ ತಂಡಗಳು ಮಾಡಿದ್ದು. ಎಂಟು ವರ್ಷ ಮೇಲ್ಪಟ್ಟವರ ಸ್ಕ್ರಾಚ್ 2007ರಲ್ಲೇ ಇತ್ತು, ಇದು ಅದರ ಪುಟ್ಟ ತಂಗಿ. ಇದನ್ನು ಕೋಡಿಂಗ್ ಕಲಿಸುವ ಆ್ಯಪ್ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇದು ಕಥೆಯ ಆ್ಯಪ್. ಅಕ್ಷರ ಓದಲು ಬರದ ಮಗು ಸಹ, ಪಾತ್ರ ಏನು ಮಾಡಬೇಕು ಅಂತ ಚಿತ್ರದಲ್ಲೇ ಹೇಳುವ ತುಂಡುಗಳನ್ನು ಪಕ್ಕಪಕ್ಕ ಜೋಡಿಸಿ ಪಾತ್ರಗಳನ್ನು ನಡೆಸಬಹುದು, ಕುಣಿಸಬಹುದು, ತನ್ನ ಧ್ವನಿಯಲ್ಲಿ ಮಾತಾಡಿಸಬಹುದು. ಒಂದು ಕಥೆಗೆ ನಾಲ್ಕೇ ಪುಟ. ಮೊದಲು ನನಗೆ ಇದು ಕಮ್ಮಿ ಅನಿಸಿತ್ತು, ಈಗ ಇದೇ ಅದರ ದೊಡ್ಡ ಗುಣ ಅನಿಸುತ್ತದೆ. ನಾಲ್ಕು ಪುಟದಲ್ಲಿ ಮುಗಿಸಬೇಕು ಅಂದಾಗ ಮಲಗಿದ್ದು, ಎದ್ದಿದ್ದು, ಹಲ್ಲುಜ್ಜಿದ್ದು ಎಲ್ಲ ತಾನಾಗಿಯೇ ಉದುರಿಹೋಗುತ್ತದೆ.

ಇದರಲ್ಲಿ ಕಾಯುವುದಕ್ಕೂ ಒಂದು ತುಂಡು ಇದೆ. ಅದರಲ್ಲಿ ಬರೆಯುವ ಅಂಕಿ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದ್ದು. ಅಂದರೆ 10 ಅಂತ ಹಾಕಿದರೆ ಒಂದು ಸೆಕೆಂಡ್. ಬೆಕ್ಕು ಮಾತು ಮುಗಿಸುವವರೆಗೆ ಹಕ್ಕಿ ಕಾಯಬೇಕು ಅಂತ ಮಗು 5 ಹಾಕುತ್ತದೆ. ಹಕ್ಕಿ ಅರ್ಧ ಸೆಕೆಂಡಿಗೇ ಬಾಯಿ ಹಾಕುತ್ತದೆ! 20 ಹಾಕುತ್ತದೆ, 40 ಹಾಕುತ್ತದೆ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಮಾತಾಡಬೇಕು, ಹೆದರಿಕೆಯ ಜಾಗದಲ್ಲಿ ಜಾಸ್ತಿ ಹೊತ್ತು ನಿಲ್ಲಿಸಬೇಕು ಅನ್ನುವುದನ್ನೆಲ್ಲ ಮಗು ಹೀಗೆ ಕೈಯಾರೆ ಕಂಡುಕೊಳ್ಳುತ್ತದೆ. ಕಥೆಯ ಲಯವನ್ನು ಏಳು ವರ್ಷದವರಿಗೆ ಬೇರೆ ಹೇಗೆ ಕಲಿಸುವುದು ನನಗೆ ತಿಳಿಯದು. ಮುಂದೆ ಲಕೋಟೆಯ ಚಿತ್ರ ಇರುವ ತುಂಡು ಸಿಗುತ್ತದೆ. ಒಂದು ಪಾತ್ರ ಸಂದೇಶ ಕಳಿಸಿದರೆ ಇನ್ನೊಂದು ಪಾತ್ರ ಎದ್ದು ಓಡುತ್ತದೆ. ಆಗ ಅಂಕಿ ಊಹಿಸುವ ಕಷ್ಟ ಇಲ್ಲ. ಬೆಕ್ಕು ಕರೆಯಿತು, ಅದಕ್ಕೇ ಹಕ್ಕಿ ಬಂತು. ನಾನು ಕಾಯುವ "ಅದಕ್ಕೇ" ಇಲ್ಲಿ ಪರದೆಯ ಮೇಲೇ ಕಾಣುತ್ತದೆ.

ಸ್ಟಾಪ್ ಮೋಷನ್ ಸ್ವಲ್ಪ ದೊಡ್ಡ ಮಕ್ಕಳಿಗೆ ಸರಿ. ಮಣ್ಣಿನ ಗೊಂಬೆಯನ್ನು ಚೂರುಚೂರೇ ಸರಿಸಿ ಪ್ರತಿ ಸಲ ಒಂದು ಫೋಟೋ ತೆಗೆಯುವುದು. ವೃತ್ತಿಯವರು ಸೆಕೆಂಡಿಗೆ 12 ಅಥವಾ 24 ಚಿತ್ರ ಬಳಸುತ್ತಾರೆ. ಮಕ್ಕಳಿಗೆ 5 ಸಾಕು. ಆದರೂ ಒಂದು ನಿಮಿಷಕ್ಕೆ 300 ಫೋಟೋ ಬೇಕು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. "ಹಾಗಾದ್ರೆ ಅರ್ಧ ನಿಮಿಷದ ಕಥೆ ಮಾಡೋಣ" ಅಂತ ಅವರೇ ಹೇಳುತ್ತಾರೆ. ಒಂದು ಎಚ್ಚರಿಕೆ ಮಾತ್ರ. ಇದರಲ್ಲಿ ಮತ್ತೆ ಮಾಡುವುದು ಸುಲಭವಲ್ಲ. ಹಾಗಾಗಿ ಧ್ವನಿಯಲ್ಲಿ ಕಥೆ ಪಕ್ಕಾ ಆದ ಮೇಲೆಯೇ ಗೊಂಬೆ ಮುಟ್ಟಬೇಕು.

ಬುಕ್ ಕ್ರಿಯೇಟರ್‌ನಂಥ ಆ್ಯಪ್‌ಗಳು ಪುಟ ಪುಟಕ್ಕೂ ಚಿತ್ರ, ಬರಹ, ಧ್ವನಿ ಸೇರಿಸಿ ಪುಸ್ತಕ ಮಾಡಲು ಚೆನ್ನಾಗಿವೆ. 2015ರಲ್ಲಿ ಪ್ರಥಮ್ ಬುಕ್ಸ್ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ಜಾಲತಾಣದಲ್ಲಿ ಮುಕ್ತ ಪರವಾನಗಿಯ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳು ರಾಶಿ ರಾಶಿ ಸಿಗುತ್ತವೆ. ಕಥೆಯೇ ಹೊಳೆಯುವುದಿಲ್ಲ ಅಂತ ಕೂರುವ ಮಗುವಿಗೆ ಅಲ್ಲಿನ ಒಂದು ಚಿತ್ರ ತೋರಿಸಿ "ಇದಕ್ಕೂ ಮೊದಲು ಏನಾಗಿರಬಹುದು?" ಅಂತ ಕೇಳಿದರೆ ಮಾತು ಶುರುವಾಗುತ್ತದೆ.

ಇನ್ನು ಸಂಗೀತದ ವಿಷಯ. ಸಂಗೀತ, ಸ್ಟಿಕ್ಕರ್, ಪುಟ ತಿರುಗುವಾಗ ಮಿಂಚುವ ನಕ್ಷತ್ರ, ಚಪ್ಪಾಳೆ ಸದ್ದು ಇವೆಲ್ಲ ಆ್ಯಪ್‌ಗಳಲ್ಲಿ ಕೈಗೆ ಸಿಗುವ ಹಾಗೇ ಇಟ್ಟಿರುತ್ತಾರೆ. ಇವು ತೆರೆದುಕೊಂಡ ಕೂಡಲೇ ಕಥೆಯ ಕೆಲಸ ನಿಲ್ಲುತ್ತದೆ. ಇದು ನನ್ನೊಬ್ಬರ ಅನಿಸಿಕೆಯಲ್ಲ. ಪಾಠಕ್ಕೆ ಸಂಬಂಧವಿಲ್ಲದ ಸದ್ದು, ಅಲಂಕಾರ ಸೇರಿಸಿದಷ್ಟೂ ಕಲಿಕೆ ಕುಗ್ಗುತ್ತದೆ ಅಂತ ರಿಚರ್ಡ್ ಮೇಯರ್ ಎಂಬ ಮನೋವಿಜ್ಞಾನಿ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಪುಟ್ಟ ಮಕ್ಕಳ ಡಿಜಿಟಲ್ ಕಥೆ ಪುಸ್ತಕಗಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2015ರ ಒಂದು ವಿಶ್ಲೇಷಣೆಯೂ ಇದೆ. ಕಥೆಗೆ ಹೊಂದುವ ಚಲನೆ, ಸದ್ದು ಮಕ್ಕಳಿಗೆ ಅರ್ಥ ಮಾಡಿಕೊಳ್ಳಲು ನೆರವಾಗುತ್ತವೆ, ನಡುವೆ ತುರುಕಿದ ಆಟಗಳು ಮತ್ತು ಮುಟ್ಟಿದರೆ ಕುಣಿಯುವ ಗುಂಡಿಗಳು ಗಮನ ಕೆಡಿಸುತ್ತವೆ ಅಂತ ಅದು ಹೇಳಿತು. ಅವೆಲ್ಲ ಮಕ್ಕಳು ಓದುವ, ನೋಡುವ ವಿಷಯದ ಅಧ್ಯಯನಗಳು, ನಿಜ. ಕಥೆ ಕಟ್ಟುವಾಗಲೂ ಅದೇ ಆಗುವುದನ್ನು ನಾನು ತರಗತಿಯಲ್ಲಿ ನೋಡುತ್ತಲೇ ಇದ್ದೇನೆ. ಮಳೆಯ ಕಥೆಗೆ ಮಳೆಯ ಸದ್ದು ಬೇಕು ಅಂದರೆ ಮಕ್ಕಳೇ ಬೆರಳಿನಿಂದ ಮೇಜು ಬಡಿದು ರೆಕಾರ್ಡ್ ಮಾಡಲಿ. ಅದು ಕಥೆಯೊಳಗಿನ ಕೆಲಸ. ಹಿಂದೆ ಯಾವುದೋ ರೆಡಿಮೇಡ್ ಸಂಗೀತ ಹಾಕಿದರೆ ಮಗುವಿನ ಪುಟ್ಟ ಧ್ವನಿ ಅದರಡಿ ಮುಚ್ಚಿಹೋಗುತ್ತದೆ.

ಈಗ ಒಂದು ಸಾಲು ಬರೆದರೆ ಚಿತ್ರವನ್ನೇ ಮಾಡಿಕೊಡುವ ಎಐ ಉಪಕರಣಗಳು ಬಂದಿವೆ. ಕಥೆಯನ್ನೂ ಬರೆದುಕೊಡುತ್ತವೆ. ಪ್ರಾಥಮಿಕ ತರಗತಿಯ ಮಕ್ಕಳ ಕಥೆಯೊಳಗೆ ಇವು ಬೇಡ ಅನ್ನುವುದು ನನ್ನ ಗಟ್ಟಿ ನಿಲುವು. ಒಬ್ಬ ಹುಡುಗ ಅಮ್ಮನ ಚಿತ್ರ ಬರೆದಿದ್ದ. ಕೈಗಳು ಹಾಳೆಯ ಈ ತುದಿಯಿಂದ ಆ ತುದಿಗೆ. ಯಾಕೆ ಇಷ್ಟುದ್ದ ಅಂದರೆ, "ಅಮ್ಮ ಆಫೀಸಿಂದಾನೇ ನನ್ನ ಎಬ್ಬಿಸ್ತಾಳೆ" ಅಂದ. ಬೆಳಗಿನ ಫೋನ್ ಕರೆ ಅವನ ಚಿತ್ರದಲ್ಲಿ ಉದ್ದ ಕೈ ಆಗಿತ್ತು. ಯಂತ್ರಕ್ಕೆ ಹೇಳಿದ್ದರೆ ಅಳತೆ ಸರಿಯಿರುವ, ನಗುವ ಅಮ್ಮನ ಚಿತ್ರ ಕೊಡುತ್ತಿತ್ತು. ಅವನೂ "ಹ್ಞೂಂ, ಚೆನ್ನಾಗಿದೆ" ಅಂದುಬಿಡುತ್ತಿದ್ದ. ನನಗೆ ಭಯ ಇರುವುದು ಅಲ್ಲೇ. ಯಂತ್ರ ಕೊಟ್ಟದ್ದು ಅಷ್ಟು ನುಣುಪಾಗಿರುವಾಗ ಅದನ್ನು ತಿದ್ದುವ ಧೈರ್ಯ ಪುಟ್ಟ ಮಗುವಿಗೆ ಎಲ್ಲಿಂದ ಬರಬೇಕು? ತನ್ನದೇ ಧ್ವನಿ ಕೇಳಿ "ಇದು ಸರಿ ಇಲ್ಲ" ಅನ್ನುವ ಮಗು, ಪರದೆಯ ಚಂದದ ಚಿತ್ರಕ್ಕೆ ಹಾಗೆ ಅನ್ನುವುದಿಲ್ಲ.

ಮಾತಾಡದ ಮಕ್ಕಳ ಬಗ್ಗೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲ. ಪ್ರತಿ ತರಗತಿಯಲ್ಲೂ ಇರುತ್ತಾರೆ. ಪ್ರಶ್ನೆ ಕೇಳಿದರೆ ನೆಲ ನೋಡುತ್ತಾರೆ. ಕೆಲವರಿಗೆ ಸಂಕೋಚ. ಕೆಲವರ ಮನೆಮಾತು ಶಾಲೆಯ ಮಾತಲ್ಲ. ಕೆಲವರು ಒಮ್ಮೆ ಏನೋ ತಪ್ಪು ಹೇಳಿದಾಗ ಎಲ್ಲರೂ ನಕ್ಕಿದ್ದನ್ನು ಮರೆತಿರುವುದಿಲ್ಲ. ಕಂಬಳಿಯ ಕೆಳಗೆ ಒಂಟಿಯಾಗಿ ಕೂತು ಮಾತಾಡುವಾಗ ಅವರನ್ನು ಯಾರೂ ನೋಡುತ್ತಿರುವುದಿಲ್ಲ. ಬೇಡ ಅನಿಸಿದರೆ ಅಳಿಸಬಹುದು. ಮನೆಮಾತಿನಲ್ಲೇ ಹೇಳಬಹುದು, ಕಾಗುಣಿತದ ಭಯವಿಲ್ಲ. ತರಗತಿಯಲ್ಲಿ ಬಾಯಿ ಬಿಡದ ಮಗುವೊಂದು ಅಜ್ಜಿಯ ಮಾತು, ಅಪ್ಪನ ಮಾತು, ಮೇಕೆಯ ಸದ್ದು ಎಲ್ಲವನ್ನೂ ಬೇರೆ ಬೇರೆ ಗಂಟಲಲ್ಲಿ ತೆಗೆದದ್ದನ್ನು ಕೇಳಿ ನಾನು ಬೆರಗಾಗಿದ್ದೇನೆ. ಆ ಮಗುವಿಗೆ ಭಾಷೆ ಬರುವುದಿಲ್ಲ ಅಂತ ಇನ್ನು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಇಂಥ ರೆಕಾರ್ಡಿಂಗ್ ನಮ್ಮ ಕೈಯಲ್ಲಿರುವಾಗ ಜವಾಬ್ದಾರಿಯೂ ದೊಡ್ಡದು. ಅಷ್ಟು ಚೆನ್ನಾಗಿದೆ ಅಂತ ತಕ್ಷಣ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಡುವ ಆಸೆ ಆಗುತ್ತದೆ. ಹಾಕಬಾರದು. ಅಮೆರಿಕದಲ್ಲಿ 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಆನ್‌ಲೈನಿನಲ್ಲಿ ಕಾಯುವ 1998ರ ಕಾನೂನು ಇದೆ. 2013ರಲ್ಲಿ ಅದರ ನಿಯಮಗಳನ್ನು ಬದಲಿಸಿ ಮಗುವಿನ ಫೋಟೋ, ವಿಡಿಯೊ, ಧ್ವನಿಯನ್ನೂ ವೈಯಕ್ತಿಕ ಮಾಹಿತಿಯ ಪಟ್ಟಿಗೆ ಸೇರಿಸಿದರು. ಕಾನೂನು ಎಲ್ಲಿ ಏನೇ ಹೇಳಲಿ, ಧ್ವನಿ ಮಗುವಿನದು. ಮನೆಯವರನ್ನು ಕೇಳಬೇಕು, ಮಗುವನ್ನೂ ಕೇಳಬೇಕು. ಮಗು ಬೇಡ ಅಂದರೆ ಮನೆಯವರು ಹೂಂ ಅಂದರೂ ಬೇಡ. ಲಾಗಿನ್ ಇಲ್ಲದೆ, ಇಂಟರ್ನೆಟ್ ಇಲ್ಲದೆ, ಉಪಕರಣದೊಳಗೇ ಕೆಲಸ ಮಾಡುವ ಆ್ಯಪ್‌ಗಳನ್ನು ನಾನು ಆರಿಸುವುದು ಇದಕ್ಕೇ.

ಅಂಕ ಕೊಡುವ ಪ್ರಶ್ನೆ ಬಂದಾಗ ಮುಗಿದ ವಿಡಿಯೊ ನೋಡಿ ಅಂಕ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಒಳ್ಳೆಯ ಫೋನ್ ಇರುವ ಮಗುವಿನದು ಯಾವಾಗಲೂ ಥಳಥಳ ಹೊಳೆಯುತ್ತದೆ. ನಾನು ಮೊದಲ ರೆಕಾರ್ಡಿಂಗನ್ನೂ ಕೊನೆಯದನ್ನೂ ಇಟ್ಟುಕೊಂಡು ಎರಡರ ನಡುವೆ ಏನಾಯಿತು ಅಂತ ಕೇಳುತ್ತೇನೆ. ಮಗುವಿನ ಜೊತೆ ಕೂತೇ ಕೇಳುತ್ತೇನೆ. ಇಲ್ಲೊಂದು ಚಿಕ್ಕ ಕೆಲಸ ಮರೆಯಬೇಡಿ. ಕೆಲವು ಆ್ಯಪ್‌ಗಳಲ್ಲಿ ಹೊಸದು ಹಳೆಯದರ ಮೇಲೇ ಕೂತುಬಿಡುತ್ತದೆ. ಮೊದಲನೆಯದರ ಒಂದು ಪ್ರತಿ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಬೇಕು.

ತರಗತಿಯೆದುರು ಯಾವುದನ್ನು ಕೇಳಿಸಬೇಕು ಅಂತ ಆರಿಸುವುದು ಮಗುವಿನ ಕೆಲಸ. ಸಾಮಾನ್ಯವಾಗಿ ಕೊನೆಯದನ್ನೇ ಆರಿಸುತ್ತಾರೆ. ಆದರೆ ಒಬ್ಬಳು ಮೊದಲನೆಯದೇ ಇರಲಿ ಅಂದಳು. ಅದರಲ್ಲಿ ತಡವರಿಕೆ ಇತ್ತು, ನಡುವೆ ಒಂದು ಕೆಮ್ಮು ಇತ್ತು, ಒಂದು ಹೆಸರು ಅದಲುಬದಲಾಗಿತ್ತು. ಯಾಕೆ ಅಂತ ಕೇಳಿದೆ. "ಕೊನೇದು ಓದಿದ ಹಾಗೆ ಕೇಳ್ಸತ್ತೆ ಟೀಚರ್. ಇದು ಹೇಳಿದ ಹಾಗಿದೆ" ಅಂದಳು. ಎರಡನ್ನೂ ಮತ್ತೆ ಹಾಕಿ ಕೇಳಿದೆವು. ಅವಳು ಹೇಳಿದ್ದು ನಿಜವಾಗಿತ್ತು. ತಿದ್ದಿ ತಿದ್ದಿ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಅವಳೇ ಕಿವಿಯಿಂದ ಕಂಡುಕೊಂಡಿದ್ದಳು. ಅದಲುಬದಲಾದ ಹೆಸರನ್ನು ಮಾತ್ರ ಸರಿ ಮಾಡಿ, ಕೆಮ್ಮನ್ನು ಹಾಗೇ ಬಿಟ್ಟು, ಆ ಮೊದಲನೆಯದನ್ನೇ ಎಲ್ಲರಿಗೂ ಕೇಳಿಸಿದೆವು.